ಹೆಂಪ್ ತಳಿ ಆಯ್ಕೆಯಲ್ಲಿ ಗಿಡದ ಮೈಕಟ್ಟು: ಏನನ್ನು, ಯಾವಾಗ, ಹೇಗೆ ಅಳೆಯಬೇಕು

ತಾಕಿನ ನಡುವೆ ಒಂದು ಗಿಡ ಉಳಿದವುಗಳಿಗಿಂತ ಒಂದು ಮೊಳ ಎತ್ತರ ನಿಂತಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಕೈ ಅದಕ್ಕೇ ಗುರುತಿನ ದಾರ ಕಟ್ಟುತ್ತದೆ. ಹೆಂಪ್ ಬೆಳೆಯಲ್ಲಿ ಈ ಆಯ್ಕೆ ಹೆಚ್ಚಿನ ಸಲ ದಾರಿ ತಪ್ಪಿಸುತ್ತದೆ. ಆ ಗಿಡ ಎರಡು ದಿನ ಮೊದಲೇ ಮೊಳೆತಿರಬಹುದು. ಪಕ್ಕದ ಸಸಿ ಸತ್ತು ಅದಕ್ಕೆ ಹೆಚ್ಚು ಜಾಗ ಸಿಕ್ಕಿರಬಹುದು. ಅದು ಗಂಡುಗಿಡವಾಗಿರಬಹುದು, ಗಂಡುಗಿಡಗಳು ಸಹಜವಾಗಿಯೇ ಹೆಣ್ಣಿಗಿಂತ ಉದ್ದ, ತೆಳು. ಅಥವಾ ಅದು ನಿಜವಾಗಿಯೂ ತಡವಾಗಿ ಹೂ ಬಿಡುವ ಗಿಡವಾಗಿರಬಹುದು. ಈ ನಾಲ್ಕರಲ್ಲಿ ಕೊನೆಯದು ಮಾತ್ರ ಬೀಜದ ಜೊತೆ ಮುಂದಿನ ಪೀಳಿಗೆಗೆ ಹೋಗುತ್ತದೆ. ಮೊದಲ ಮೂರನ್ನು ಪಕ್ಕಕ್ಕಿಟ್ಟು ನಾಲ್ಕನೆಯದನ್ನು ಹಿಡಿಯುವುದೇ ಮೈಕಟ್ಟಿನ ಆಯ್ಕೆಯ ಮುಕ್ಕಾಲು ಪಾಲು ಕೆಲಸ.

ಇಲ್ಲಿ ಹೆಂಪ್ ಎಂದರೆ ಕ್ಯಾನಬಿಸ್ ಸಟೈವಾ ಗಿಡದ ನಾರು ಮತ್ತು ಬೀಜದ ತಳಿಗಳು. ಇದನ್ನು ಸೆಣಬು ಎಂದು ಅನುವಾದಿಸುವುದುಂಟು, ಆದರೆ ಸೆಣಬು ಬೇರೆಯೇ ಕುಟುಂಬದ ಗಿಡ, ಅದರ ಲೆಕ್ಕಾಚಾರ ಇದಕ್ಕೆ ಹೊಂದುವುದಿಲ್ಲ. ಹೆಂಪ್ ಬೆಳೆಯಲು ಬಹಳಷ್ಟು ದೇಶಗಳಲ್ಲಿ ಪರವಾನಗಿ ಬೇಕು. ಅಮಲು ಬರಿಸುವ ರಾಸಾಯನಿಕವಾದ ಟಿಎಚ್‌ಸಿ ಅಂಶಕ್ಕೆ ಮಿತಿಯೂ ಇದೆ. ಅಮೆರಿಕ, ಯುರೋಪಿಯನ್ ಒಕ್ಕೂಟಗಳಲ್ಲಿ ಅದು 0.3 ಶೇಕಡಾ. ಪರವಾನಗಿ ಕೈಗೆ ಬರುವ ಮೊದಲು ಒಂದು ಬೀಜವನ್ನೂ ನೆಲಕ್ಕೆ ಹಾಕಬೇಡಿ.

ಯಾವ ಗಿಡ ಬೇಕು ಎಂಬುದು ಮೊದಲು

ನಾರಿನ ತಳಿಗೆ ಬೇಕಾದದ್ದು ಉದ್ದ, ತೆಳು, ಕವಲಿಲ್ಲದ ಕಾಂಡ. ಬೀಜದೆಲೆಯ ಗೆಣ್ಣಿನಿಂದ ಹೂಗೊಂಚಲಿನ ಮೊದಲ ಕವಲಿನವರೆಗಿನ ಬರಿಯ ಕಾಂಡ ಎಷ್ಟು ಉದ್ದವೋ ಅಷ್ಟು ಒಳ್ಳೆಯದು. ಕಾಂಡ ದಪ್ಪವಾದಷ್ಟೂ ನಾರು ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೆಣ್ಣಿನ ಅಂತರ ಉದ್ದವಾಗುತ್ತಿರುವಾಗ ಹುಟ್ಟುವ ಮೊದಲ ಹಂತದ ನಾರು ಉದ್ದ, ಮೃದು. ಆಮೇಲೆ ಕಾಂಡ ದಪ್ಪವಾಗುವಾಗ ಅದರ ಒಳಭಾಗದಲ್ಲಿ ಹುಟ್ಟುವ ಎರಡನೆಯ ಹಂತದ ನಾರು ಗಿಡ್ಡ, ಬಿರುಸು. ದಪ್ಪ ಕಾಂಡದ ಬುಡದಲ್ಲಿ ಈ ಎರಡನೆಯದೇ ಹೆಚ್ಚು, ಒಳಗಿನ ಕಟ್ಟಿಗೆಯ ಪಾಲೂ ಹೆಚ್ಚು.

ಬೀಜದ ತಳಿಗೆ ಬೇರೆ ಗಿಡ ಬೇಕು. ಕಟಾವು ಯಂತ್ರಕ್ಕೆ ನಾರು ಸುತ್ತಿಕೊಳ್ಳದಂತೆ ಎತ್ತರ ಎರಡು ಮೀಟರಿನೊಳಗೆ ಇರಬೇಕು. ಪಕ್ಕದ ಕವಲುಗಳು ಗಿಡ್ಡವಾಗಿರಬೇಕು, ಇಲ್ಲವಾದರೆ ಕಾಂಡದ ತುದಿಯ ಗೊಂಚಲಿನ ಬೀಜ ಮಾಗಿದಾಗ ಕೆಳಗಿನ ಕವಲಿನ ಗೊಂಚಲು ಇನ್ನೂ ಹಸಿರಾಗಿರುತ್ತದೆ. ಮಾಗಿದ ಬೀಜ ಅದನ್ನು ಸುತ್ತಿರುವ ತೊಟ್ಟೆಲೆಯೊಳಗೆ ಕೊನೆಯವರೆಗೆ ನಿಲ್ಲಬೇಕು. ಒಂದೇ ತಳಿಯಿಂದ ನಾರನ್ನೂ ಬೀಜವನ್ನೂ ಪಡೆಯುವ ಆಸೆ ಸಹಜ. ಆದರೆ ಬೀಜ ಮಾಗುವ ಹೊತ್ತಿಗೆ ನಾರು ಒರಟಾಗಿರುತ್ತದೆ ಎಂಬುದನ್ನು ಒಪ್ಪಿಕೊಂಡೇ ಆ ದಾರಿ ಹಿಡಿಯಬೇಕು.

ಎತ್ತರದ ಹಿಂದೆ ಹೂಬಿಡುವ ಕಾಲ

ಹೆಂಪ್ ಹಗಲು ಕುಗ್ಗಿದಾಗ ಹೂ ಬಿಡುವ ಗಿಡ. ಬಹಳಷ್ಟು ತಳಿಗಳಿಗೆ ಹಗಲು ಸುಮಾರು 14 ಗಂಟೆಗಿಂತ ಕೆಳಗಿಳಿದರೆ ಹೂಬಿಡುವ ಸೂಚನೆ ಸಿಗುತ್ತದೆ. ಈ ಗಡಿ ತಳಿಯಿಂದ ತಳಿಗೆ ಬದಲಾಗುತ್ತದೆ. ಹೂಗೊಂಚಲು ಬಲಿಯತೊಡಗಿದ ಮೇಲೆ ಕಾಂಡದ ಬೆಳವಣಿಗೆ ನಿಧಾನವಾಗಿ ನಿಲ್ಲುತ್ತದೆ. ಉತ್ತರದ ತಳಿಯನ್ನು ಸಮಭಾಜಕದ ಕಡೆಗೆ ತಂದರೆ ಅದು ಬೇಗ ಹೂಬಿಟ್ಟು ಮೊಳಕಾಲೆತ್ತರಕ್ಕೇ ನಿಲ್ಲಬಹುದು. ದಕ್ಷಿಣದ ತಳಿಯನ್ನು ಉತ್ತರಕ್ಕೆ ಒಯ್ದರೆ ಅದು ಆಕಾಶಕ್ಕೆ ಬೆಳೆಯುತ್ತದೆ, ಆದರೆ ಬೀಜ ಮಾಗುವ ಮೊದಲೇ ಚಳಿ ಬಂದಿರುತ್ತದೆ. ಎರಡೂ ಕಡೆ ವಂಶವಾಹಿ ಬದಲಾಗಿಲ್ಲ, ಬದಲಾದದ್ದು ಹಗಲಿನ ಉದ್ದ.

ಹಾಗಾಗಿ ಒಟ್ಟು ಎತ್ತರವನ್ನು ಒಂದೇ ಸಂಖ್ಯೆಯಾಗಿ ಬರೆದುಕೊಳ್ಳಬೇಡಿ. ಅದನ್ನು ಎರಡಾಗಿ ಒಡೆಯಿರಿ: ಗೆಣ್ಣುಗಳು ಎಷ್ಟು, ಒಂದೊಂದು ಗೆಣ್ಣಿನ ಅಂತರ ಎಷ್ಟು. ಎರಡು ಗಿಡಗಳು 240 ಸೆಂ.ಮೀ. ಇವೆ ಎಂದುಕೊಳ್ಳಿ. ಒಂದರಲ್ಲಿ 24 ಗೆಣ್ಣು, ಸರಾಸರಿ ಅಂತರ 10 ಸೆಂ.ಮೀ. ಇನ್ನೊಂದರಲ್ಲಿ 16 ಗೆಣ್ಣು, ಅಂತರ 15 ಸೆಂ.ಮೀ. ಮೊದಲನೆಯದು ಬಹುಶಃ ತಡವಾಗಿ ಹೂಬಿಟ್ಟದ್ದರಿಂದ ಎತ್ತರವಾಗಿದೆ, ಎರಡನೆಯದು ಬೇಗ ಹೂಬಿಟ್ಟರೂ ಉದ್ದ ಗೆಣ್ಣಿನಿಂದ ಎತ್ತರವಾಗಿದೆ. ಹಂಗಾಮು ಚಿಕ್ಕದಿರುವ ಜಾಗದಲ್ಲಿ ಎರಡನೆಯದರ ಬೆಲೆ ಹೆಚ್ಚು. ಒಟ್ಟು ಎತ್ತರ ಮಾತ್ರ ಅಳೆದವರಿಗೆ ಇವೆರಡೂ ಒಂದೇ ಗಿಡ.

ಹಗಲಿನ ಉದ್ದವನ್ನು ಲೆಕ್ಕಿಸದೆ ವಯಸ್ಸಿಗೇ ಹೂಬಿಡುವ ತಳಿಗಳೂ ಇವೆ. ಫಿನ್‌ಲ್ಯಾಂಡಿನ ಫಿನೋಲಾ ಇದಕ್ಕೆ ಹೆಸರಾದದ್ದು: ಗಿಡ್ಡ, ಬೇಗ ಮಾಗುವ ಬೀಜದ ತಳಿ. ಸಾಮಾನ್ಯವಾಗಿ ಈ ಗುಣ ಸಂಕರದ ಮೊದಲ ಪೀಳಿಗೆಯಲ್ಲಿ ಅಡಗಿ, ಎರಡನೆಯದರಲ್ಲಿ ಸುಮಾರು ಕಾಲುಭಾಗ ಗಿಡಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆ ಕಾಲುಭಾಗವನ್ನು ಗುರುತಿಸಬೇಕಾದರೆ ಗಿಡಗಳು ಉದ್ದ ಹಗಲಿನಲ್ಲೇ ಇರಬೇಕು. ದೀಪದಡಿ ದಿನಕ್ಕೆ 18 ಗಂಟೆ ಬೆಳಕು ಕೊಟ್ಟು, ಆಗಲೂ ಹೂಬಿಟ್ಟವನ್ನು ಆರಿಸಿ. ಕುಗ್ಗಿದ ಹಗಲಿನಲ್ಲಿ ಬಿತ್ತಿದರೆ ಎಲ್ಲವೂ ಹೂಬಿಡುತ್ತವೆ, ಯಾವುದು ಏನೆಂದು ತಿಳಿಯುವುದೇ ಇಲ್ಲ. ಒಂದು ಇಡೀ ಹಂಗಾಮು ಹೀಗೆ ಸುಮ್ಮನೆ ಕಳೆದುಹೋಗುತ್ತದೆ.

ಆಯ್ಕೆಯ ತಾಕನ್ನು ಹಾಕುವ ಬಗೆ

ಹೆಂಪ್ ಗಿಡದಷ್ಟು ಸುಲಭವಾಗಿ ಅಂತರಕ್ಕೆ ಮೈ ಬದಲಿಸುವ ಬೆಳೆ ಕಡಿಮೆ. ಒಂಟಿಯಾಗಿ ನಿಂತರೆ ಪೊದೆ, ಗುಂಪಿನಲ್ಲಿ ನಿಂತರೆ ಕೋಲು. ಆದ್ದರಿಂದ ಕೊನೆಯಲ್ಲಿ ಬೆಳೆಯಾಗಿ ಹಾಕುವ ಅಂತರಕ್ಕೆ ಹತ್ತಿರದಲ್ಲೇ ಗಿಡವನ್ನು ನೋಡಬೇಕು. ನಾರಿಗಾದರೆ ಸಾಲಿನಿಂದ ಸಾಲಿಗೆ 20 ಸೆಂ.ಮೀ., ಗಿಡದಿಂದ ಗಿಡಕ್ಕೆ 5 ಸೆಂ.ಮೀ. ಇಟ್ಟರೆ ಚದರ ಮೀಟರಿಗೆ 100 ಗಿಡ ಬರುತ್ತದೆ. ಬೀಜದ ತಳಿಯಲ್ಲಿ ಒಂದೊಂದೇ ಗಿಡ ನೋಡುವ ಹಂತಕ್ಕೆ 50 ಸೆಂ.ಮೀ. ಸಾಲು, 20 ಸೆಂ.ಮೀ. ಗಿಡ ಎಂದರೆ ಚದರ ಮೀಟರಿಗೆ 10. ಕವಲೊಡೆಯುವ ಸ್ವಭಾವ ಒತ್ತಾದ ತಾಕಿನಲ್ಲಿ ಮುಚ್ಚಿಹೋಗುತ್ತದೆ. ನಾರಿನ ತಳಿ ಮಾಡುವವರೂ ಅದೇ ಬೀಜದ ಒಂದಷ್ಟನ್ನು ಪಕ್ಕದಲ್ಲಿ ವಿರಳವಾಗಿ ಬಿತ್ತಿ ನೋಡಬೇಕು. ಅಲ್ಲೂ ಕವಲೊಡೆಯದ ಮನೆತನ (ಒಂದೇ ತಾಯಿಗಿಡದ ಮಕ್ಕಳು) ಸಿಕ್ಕರೆ ಅದನ್ನು ಬಿಡಬೇಡಿ.

ಬಿತ್ತನೆಯ ಆಳ 2–3 ಸೆಂ.ಮೀ., ಎಲ್ಲ ಕಡೆ ಒಂದೇ. ಪ್ರತಿ ಗುಳಿಗೆ ಎರಡೆರಡು ಬೀಜ ಹಾಕಿ. ಮೊಳೆತ ದಿನವನ್ನು ಬರೆದಿಟ್ಟು, ಒಂದೇ ದಿನ ಮೇಲೆದ್ದ ಸಸಿಗಳು ಉಳಿಯುವಂತೆ ತೆಳುಗೊಳಿಸಿ. ಈ ಒಂದು ಕೆಲಸ ಬಿಟ್ಟರೆ ಮುಂದಿನ ಅಳತೆಗಳೆಲ್ಲ ಹಾಳು. ಮೊದಲು ಎದ್ದ ಸಸಿ ಬೆಳಕನ್ನು ಹಿಡಿದುಕೊಳ್ಳುತ್ತದೆ, ತಡವಾದದ್ದು ಅದರ ನೆರಳಲ್ಲಿ ತೆಳ್ಳಗೆ ಉದ್ದವಾಗಿ ಕೊನೆಗೆ ಸಾಯುತ್ತದೆ ಇಲ್ಲವೇ ಕುಳ್ಳಾಗಿ ಉಳಿಯುತ್ತದೆ. ಮಣ್ಣಿನ ಮೇಲೆ ಹೆಪ್ಪು ಕಟ್ಟಿದರೆ, ನೀರು ನಿಂತರೆ ಮೊಳಕೆ ಚೆದುರುತ್ತದೆ. ನೀರು ನಿಲ್ಲುವ ಜಾಗದಲ್ಲಿ ಹೆಂಪ್ ಸಸಿ ಹಳದಿಯಾಗಿ ಕುಗ್ಗುವುದು ಮಾಮೂಲು. ಸಾರಜನಕ ಎಲ್ಲೆಡೆ ಸಮನಾಗಿ ಬೀಳಲಿ. ಅತಿಯಾದರೆ ಕಾಂಡ ಮೃದುವಾಗಿ ಒಂದು ಗಾಳಿಮಳೆಗೆ ಒರಗುತ್ತದೆ, ಆಗ ಒರಗಿದ್ದು ತಳಿಯ ದೋಷವೋ ಗೊಬ್ಬರದ್ದೋ ಹೇಳಲಾಗದು.

ಅಂಚಿನ ಎರಡು ಸಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪ್ರತಿ ಹತ್ತು ತಾಕಿಗೆ ಒಂದರಲ್ಲಿ ಗೊತ್ತಿರುವ ತಳಿಯನ್ನು ಹೋಲಿಕೆಗೆ ಬಿತ್ತಿ. ಇಡೀ ತಾಕನ್ನು ಚೌಕಗಳಾಗಿ ಭಾಗಿಸಿ ಪ್ರತಿ ಚೌಕದೊಳಗಿನ ಗಿಡಗಳನ್ನು ಅವುಗಳಲ್ಲೇ ಹೋಲಿಸಿ. 1,000 ಗಿಡಗಳಿದ್ದರೆ 25 ಗಿಡಗಳ 40 ಚೌಕ, ಚೌಕಕ್ಕೆ ಎರಡು ಗಿಡ ಆರಿಸಿದರೆ 80. ಹೀಗೆ ಮಾಡದಿದ್ದರೆ ಆರಿಸಿದ 80ರಲ್ಲಿ ಹೆಚ್ಚಿನವು ಹಳೆಯ ತಿಪ್ಪೆ ಇದ್ದ ಮೂಲೆಯಿಂದಲೇ ಬಂದಿರುತ್ತವೆ.

ಅಳತೆ

ಮೊದಲ ಜೋಡಿ ನಿಜ ಎಲೆಗಳಿಗೆ ಒಂದೊಂದೇ ದಳ. ಮುಂದಿನ ಗೆಣ್ಣುಗಳಲ್ಲಿ ಮೂರು, ಐದು, ಏಳು, ಒಂಬತ್ತು ಎಂದು ಕಿರುಎಲೆಗಳು ಏರುತ್ತವೆ, ಹೂಗೊಂಚಲಿನ ಬಳಿ ಮತ್ತೆ ಇಳಿಯುತ್ತವೆ. ಎಳೆಯ ಗಿಡದಲ್ಲಿ ಎಲೆಗಳು ಎದುರುಬದುರಾಗಿ ಕೂರುತ್ತವೆ; ಹೂಬಿಡುವ ವಯಸ್ಸಿಗೆ ಬಂದಾಗ ಗೆಣ್ಣಿಗೊಂದರಂತೆ ಆಚೀಚೆ ಸರಿಯುತ್ತವೆ. ಈ ಬದಲಾವಣೆ ಎಷ್ಟನೆಯ ಗೆಣ್ಣಿನಲ್ಲಿ ಆಯಿತು ಎಂದು ಬರೆದಿಟ್ಟುಕೊಳ್ಳಿ. ಗಿಡ ಪ್ರಾಯಕ್ಕೆ ಬಂದದ್ದನ್ನು ತೋರಿಸುವ ಖರ್ಚಿಲ್ಲದ ಗುರುತು ಇದು.

ಅಳೆಯುವುದು ನಾಲ್ಕು ಸಲ: ಬಿತ್ತಿದ ನಾಲ್ಕನೆಯ ವಾರ, ಮೊದಲ ಹೂ ಕಂಡ ದಿನ, ತಾಕಿನ ಅರ್ಧ ಗಿಡಗಳು ಹೂಬಿಟ್ಟ ದಿನ, ಕಟಾವಿನ ದಿನ. ಪ್ರತಿ ಗಿಡಕ್ಕೆ ಬರೆಯಬೇಕಾದವು ಇಷ್ಟು:

- ಎತ್ತರ, ಗೆಣ್ಣುಗಳ ಸಂಖ್ಯೆ, ಇವೆರಡರಿಂದ ಸರಾಸರಿ ಅಂತರ
- ಕಾಂಡದ ಅಡ್ಡಳತೆ, ವರ್ನಿಯರ್ ಕ್ಯಾಲಿಪರ್‌ನಿಂದ, ಗೆಣ್ಣುಗಳ ನಡುವೆ. ಎತ್ತರದ ನಡುಮಧ್ಯದಲ್ಲೋ ನೆಲದಿಂದ 10 ಸೆಂ.ಮೀ. ಮೇಲೋ ಒಂದನ್ನು ನಿಶ್ಚಯಿಸಿ, ವರ್ಷದಿಂದ ವರ್ಷಕ್ಕೆ ಬದಲಿಸಬೇಡಿ
- ಬರಿಯ ಕಾಂಡದ ಉದ್ದ
- 10 ಸೆಂ.ಮೀ.ಗಿಂತ ಉದ್ದದ ಕವಲುಗಳು ಎಷ್ಟು, ಅತಿ ಉದ್ದದ ಕವಲು ಗಿಡದ ಎತ್ತರದ ಎಷ್ಟು ಪಾಲು
- ಕವಲು ಕಾಂಡಕ್ಕೆ ಅಂಟಿದಂತಿದೆಯೋ, ಅಗಲಿ ನಿಂತಿದೆಯೋ
- ಹೂಗೊಂಚಲಿನ ಉದ್ದ, ಒತ್ತು
- ಮೊದಲ ಹೂವಿನ ದಿನ, ಲಿಂಗ

ಕವಲುಗಳ ಕೋನವನ್ನು ಡಿಗ್ರಿಯಲ್ಲಿ ಅಳೆಯಲು ಹೋಗುವವರಿದ್ದಾರೆ. ಅಂಟಿದ, ನಡುವಿನ, ಅಗಲಿದ ಎಂಬ ಮೂರು ದರ್ಜೆ ಸಾಕು. ಗಾಳಿ ಬೀಸಿದರೆ ಬದಲಾಗುವ ಅಳತೆಗೆ ಅದಕ್ಕಿಂತ ನಿಖರತೆ ಬೇಡ. ಹೂಗೊಂಚಲಿನ ಒತ್ತನ್ನು ಮಾತ್ರ ಹಗುರವಾಗಿ ನೋಡಬೇಡಿ. ತುಂಬಾ ಒತ್ತಾದ ಗೊಂಚಲು ನೋಡಲು ಚೆಂದ, ಆದರೆ ಇಬ್ಬನಿ ಒಳಗೇ ಉಳಿದು ಬೂದು ಬೂಷ್ಟು ಹಿಡಿಯುತ್ತದೆ. ತೇವದ ಹಂಗಾಮಿರುವಲ್ಲಿ ಗೆಣ್ಣುಗಳು ಸ್ವಲ್ಪ ಬಿಡಿಬಿಡಿಯಾಗಿರುವ ಗೊಂಚಲೇ ಲೇಸು.

ಬೀಜ ಉದುರುವುದನ್ನು ನೋಡಲು ಬೇರೆ ಸಲಕರಣೆ ಬೇಡ. ಒಂದೊಂದು ಗೊಂಚಲಿನೊಳಗೆ ಬೀಜ ಕೆಳಗಿನಿಂದ ಮೇಲಕ್ಕೆ ಮಾಗುತ್ತದೆ. ಸುಮಾರು ಮುಕ್ಕಾಲು ಬೀಜ ಕಂದಾದ ದಿನ ಗಿಡದ ಬುಡಕ್ಕೆ ಬಟ್ಟೆ ಹಾಸಿ, ಕಾಂಡವನ್ನು ಪ್ರತಿ ಗಿಡಕ್ಕೂ ಒಂದೇ ಬಲದಲ್ಲಿ ಐದು ಸಲ ಅಲ್ಲಾಡಿಸಿ. ಬಿದ್ದದ್ದನ್ನೂ ಉಳಿದದ್ದನ್ನೂ ಬೇರೆಬೇರೆ ತೂಗಿ. ಹಕ್ಕಿಗಳು ಮೊದಲೇ ಬಂದು ಹೋಗಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ, ಬಲೆ ಮುಂಚಿತವಾಗಿ ಹಾಕಿರಬೇಕು.

ಗಂಡುಗಿಡದ ತಲೆನೋವು

ಹೆಂಪ್‌ನಲ್ಲಿ ಗಂಡು ಹೆಣ್ಣು ಬೇರೆಬೇರೆ ಗಿಡ, ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಅರ್ಧ. ಗಂಡು ಮೊದಲು ಹೂಬಿಟ್ಟು, ಪರಾಗ ಉದುರಿಸಿ, ಒಣಗಿಹೋಗುತ್ತದೆ. ಹೆಣ್ಣುಗಿಡದ ಗುಣಗಳನ್ನು ಕೊನೆಯವರೆಗೂ ನಿಧಾನವಾಗಿ ನೋಡಬಹುದು. ಗಂಡಿನ ತೀರ್ಮಾನ ಮಾತ್ರ ಮೊದಲ ಮೊಗ್ಗು ಬಿರಿಯುವುದರೊಳಗೆ ಆಗಬೇಕು. ಆಮೇಲೆ ಕಿತ್ತರೆ ಪ್ರಯೋಜನವಿಲ್ಲ, ಪರಾಗ ಆಗಲೇ ಇಡೀ ಹೊಲಕ್ಕೆ ಹೋಗಿರುತ್ತದೆ. ಹೆಣ್ಣನ್ನು ಎಷ್ಟೇ ಎಚ್ಚರದಿಂದ ಆರಿಸಿದರೂ ಗಂಡನ್ನು ಆರಿಸದೆ ಬಿಟ್ಟರೆ ಪ್ರಗತಿ ಅರ್ಧಕ್ಕೆ ಇಳಿಯುತ್ತದೆ.

ನಾರಿನ ಅಂಶವನ್ನು ಅಳೆಯಲು ಜರ್ಮನಿಯ ಸಸ್ಯವಿಜ್ಞಾನಿ ಬ್ರೆಡೆಮಾನ್ ಕಳೆದ ಶತಮಾನದ ಮೊದಲರ್ಧದಲ್ಲಿ ಕಂಡುಕೊಂಡ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ. ಗಂಡು ಹೂಬಿಡುವ ಮೊದಲು ಹರಿತ ಅಲಗಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ ಅರ್ಧ ಪಟ್ಟಿಯನ್ನು ತೆಗೆಯುವುದು. ಉಳಿದ ಅರ್ಧದ ಮೇಲೆ ಗಿಡ ಬದುಕಿರುತ್ತದೆ. ತೆಗೆದ ಪಟ್ಟಿಯನ್ನು ಒಣಗಿಸಿ ತೂಗಿ, ದುರ್ಬಲ ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿ, ನಾರನ್ನು ಬಿಡಿಸಿ ತೊಳೆದು ಒಣಗಿಸಿ ಮತ್ತೆ ತೂಗಬೇಕು. ಒಣ ನಾರಿನ ತೂಕವನ್ನು ಒಣ ಪಟ್ಟಿಯ ತೂಕದಿಂದ ಭಾಗಿಸಿದರೆ ನಾರಿನ ಪಾಲು ಸಿಗುತ್ತದೆ. ಒಳ್ಳೆಯ ಪಾಲಿರುವ ಗಂಡುಗಳನ್ನು ಮಾತ್ರ ಉಳಿಸಿ, ಮಿಕ್ಕವನ್ನು ಮೊಗ್ಗು ಬಿರಿಯುವ ಮುನ್ನ ಕಿತ್ತುಹಾಕಿ. ಸೀಳಿದ ಗಿಡಕ್ಕೆ ಊರುಗೋಲು ಕೊಡದಿದ್ದರೆ ಮೊದಲ ಗಾಳಿಗೇ ಮುರಿಯುತ್ತದೆ. ಎಲ್ಲ ಗಿಡಗಳಲ್ಲೂ ಒಂದೇ ಎತ್ತರದಿಂದ ಪಟ್ಟಿ ತೆಗೆಯಿರಿ, ಏಕೆಂದರೆ ಬುಡಕ್ಕೂ ತುದಿಗೂ ನಾರಿನ ಪಾಲು ಒಂದಲ್ಲ.

ಒಳ್ಳೆಯ ಗಂಡು ಒಂದೆರಡೇ ಸಾಕು ಎಂದು ಅನ್ನಿಸುವುದು ಇಲ್ಲಿಯ ದೊಡ್ಡ ಬಲೆ. ಪೀಳಿಗೆಯ ನಿಜವಾದ ಗಾತ್ರವನ್ನು ಲೆಕ್ಕಹಾಕುವುದು ಹೀಗೆ: ಗಂಡು ಮತ್ತು ಹೆಣ್ಣಿನ ಸಂಖ್ಯೆಗಳ ಗುಣಲಬ್ಧದ ನಾಲ್ಕು ಪಟ್ಟನ್ನು ಅವುಗಳ ಮೊತ್ತದಿಂದ ಭಾಗಿಸಬೇಕು. 50 ಹೆಣ್ಣಿಗೆ 2 ಗಂಡು ಉಳಿಸಿದರೆ ಉತ್ತರ ಸುಮಾರು 8. ಅಂದರೆ 52 ಗಿಡ ಇಟ್ಟುಕೊಂಡು ಎಂಟೇ ಗಿಡ ಇಟ್ಟಂತೆ. ಅದೇ 10 ಗಂಡು ಉಳಿಸಿದರೆ 33. ಹೆಂಪ್ ಪರಕೀಯ ಪರಾಗಕ್ಕೆ ಒಗ್ಗಿದ ಗಿಡ, ಒಳಸಂತಾನವನ್ನು ತಾಳುವುದಿಲ್ಲ. ಕೆಲವೇ ಪೀಳಿಗೆಗಳಲ್ಲಿ ಎತ್ತರ ಕುಗ್ಗುತ್ತದೆ, ಬೀಜ ಕಡಿಮೆಯಾಗುತ್ತದೆ, ಸಸಿ ಸೊರಗುತ್ತದೆ. ಅದನ್ನು ಕಂಡು ಕುಳ್ಳ ತಳಿ ಸಿಕ್ಕಿತು ಎಂದು ಹಿಗ್ಗಿದವರೂ ಇದ್ದಾರೆ.

ಪರಾಗವನ್ನು ಕಟ್ಟಿಹಾಕುವುದು

ಪರಾಗದ ಕಣ ಸುಮಾರು 25 ಮೈಕ್ರಾನ್, ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಸಾಗಬಲ್ಲದು. ಕೀಟ ತಡೆಯುವ ಬಲೆಯ ಕಣ್ಣು ಅದರ ಹತ್ತಾರು ಪಟ್ಟು ದೊಡ್ಡದು, ಅದು ಪರಾಗಕ್ಕೆ ತೆರೆದ ಬಾಗಿಲು. ಒತ್ತಾಗಿ ನೇಯ್ದ ಬಟ್ಟೆಯ ಚೀಲ ಇಲ್ಲವೇ ಮುಚ್ಚಿದ ಕೋಣೆ ಬೇಕು. ಚೀಲದೊಳಗೆ ತೇವ ಕೂಡಿ ಬೂಷ್ಟು ಬರುವುದರಿಂದ ಪ್ಲಾಸ್ಟಿಕ್ ಬೇಡ.

ಗಂಡುಹೂ ಬಿರಿಯತೊಡಗಿದಾಗ ಒಣ ಬೆಳಗಿನಲ್ಲಿ ಗೊಂಚಲನ್ನು ಕಾಗದದ ಮೇಲೆ ತಟ್ಟಿ ಪರಾಗ ಹಿಡಿಯಿರಿ. ಜರಡಿಯಾಡಿ, ಸಿಲಿಕಾ ಜೆಲ್ ಜೊತೆ ಒಣಗಿಸಿ, ಗಾಳಿಯಾಡದ ಸೀಸೆಯಲ್ಲಿ ಫ್ರೀಜರಿನಲ್ಲಿಡಿ. ಒಂದೊಂದು ಸಲಕ್ಕೆ ಬೇಕಾದಷ್ಟನ್ನು ಬೇರೆಬೇರೆ ಪೊಟ್ಟಣ ಮಾಡಿ. ಹೊರತೆಗೆದು ಮತ್ತೆ ಒಳಗಿಟ್ಟರೆ ಅದರ ಮೇಲೆ ನೀರು ಹನಿಗಟ್ಟಿ ಪರಾಗ ಸಾಯುತ್ತದೆ. ಸೀಸೆ ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ. ಹೆಣ್ಣುಹೂವಿನ ಬಿಳಿಯ ಶಲಾಕಾಗ್ರಗಳ (ಪರಾಗ ಹಿಡಿಯುವ ಎಳೆಗಳ) ಮೇಲೆ ಮೃದು ಕುಂಚದಿಂದ ಹಚ್ಚಿ, ಕೂಡಲೇ ಚೀಲ ಮುಚ್ಚಿ. ಕೆಲವು ದಿನಗಳಲ್ಲಿ ಅವು ಕಂದಾಗಿ ಮುದುಡಿದರೆ ಕೆಲಸ ಆಗಿದೆ. ಬೀಜ ಮಾಗಲು ನಾಲ್ಕರಿಂದ ಆರು ವಾರ ಬೇಕು.

ಹೊರಗಿನ ಪರಾಗ ನುಸುಳಿತೋ ಇಲ್ಲವೋ ತಿಳಿಯಲು ಹಳದಿ ಕಾಂಡದ ಗುಣ ಒಳ್ಳೆಯ ಗುರುತು. ಒಂದೇ ವಂಶವಾಹಿಯ ಅಡಗುವ ಗುಣ ಅದು. ಹಳದಿ ಕಾಂಡದ ಶುದ್ಧ ತಳಿಯ ಮಕ್ಕಳಲ್ಲಿ ಹಸಿರು ಕಾಂಡ ಕಂಡರೆ ಎಲ್ಲಿಂದಲೋ ಪರಾಗ ಬಂದಿದೆ ಎಂದೇ ಅರ್ಥ. ಹಂಗೇರಿಯ ಕೊಂಪೊಲ್ಟಿ ತಳಿಗೆ ಇಂಥ ಹಳದಿ ಕಾಂಡದ ರೂಪವೊಂದಿದೆ.

ಎರಡನೆಯ ಪೀಳಿಗೆಗೆ ಎಷ್ಟು ಗಿಡ

ಸಂಕರದ ಮೊದಲ ಪೀಳಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದು ತಂದೆತಾಯಿ ಶುದ್ಧವಾಗಿದ್ದರೆ ಮಾತ್ರ, ಹೆಂಪ್‌ನಲ್ಲಿ ಅದು ಅಪರೂಪ. ಮೊದಲ ಪೀಳಿಗೆಯ ಹುಲುಸನ್ನು ಕಂಡು ಅಲ್ಲೇ ಆಯ್ಕೆ ಶುರುಮಾಡಬೇಡಿ. ಅದರಲ್ಲಿ ಬಹುಪಾಲು ಸಂಕರದ ಕಸುವು, ಮುಂದೆ ನಿಲ್ಲುವುದಿಲ್ಲ. ಹತ್ತಿಪ್ಪತ್ತು ಗಿಡಗಳನ್ನು ಒಂದಕ್ಕೊಂದು ಪರಾಗ ಕೊಟ್ಟು ಎರಡನೆಯ ಪೀಳಿಗೆಯ ಬೀಜ ಮಾಡಿ. ಬೇಕಾದ ಗುಣಗಳು ಹರಡಿಕೊಳ್ಳುವುದು ಅಲ್ಲಿ.

ಅಡಗುವ ಒಂದು ಗುಣ ಬೇಕಾದರೆ ನಾಲ್ಕರಲ್ಲೊಂದು ಗಿಡ, ಎರಡು ಗುಣ ಒಟ್ಟಿಗೆ ಬೇಕಾದರೆ 16ರಲ್ಲೊಂದು. ಅಂಥ ಒಂದಾದರೂ ಗಿಡ ಸಿಗುವ ಭರವಸೆ ನೂರಕ್ಕೆ 95ರಷ್ಟಿರಬೇಕಾದರೆ ಎರಡು ಗುಣಕ್ಕೆ 47 ಗಿಡ ಬೇಕು. ಆದರೆ ಸಿಕ್ಕ ಒಂದು ಗಿಡ ಹೆಣ್ಣಾಗಿದ್ದು, ಜೊತೆಗೆ ಗಂಡಿಲ್ಲದಿದ್ದರೆ ಮುಂದೇನು? ಒಂದು ಗಂಡೂ ಒಂದು ಹೆಣ್ಣೂ ಬೇಕೆಂದರೆ ಲೆಕ್ಕ ಸುಮಾರು 120ಕ್ಕೆ ಏರುತ್ತದೆ. ಮೂರನೆಯ ಗುಣ ಸೇರಿಸುವ ಆಸೆಯಾದರೆ ಗಿಡದ ಸಂಖ್ಯೆ ಮತ್ತೆ ನಾಲ್ಕು ಪಟ್ಟಾಗುತ್ತದೆ. ಜಾಗ ಕಡಿಮೆ ಇರುವವರು ಒಂದೊಂದೇ ಗುಣವನ್ನು ಒಂದೊಂದು ಪೀಳಿಗೆಯಲ್ಲಿ ಕಟ್ಟುವುದು ಜಾಣತನ. ಎತ್ತರ, ಕವಲು, ಇಳುವರಿಗಳಂಥ ಹಲವು ವಂಶವಾಹಿಗಳ ಗುಣಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವನ್ನು ಒಂಟಿ ಗಿಡ ನೋಡಿ ತೀರ್ಮಾನಿಸದೆ, ಪ್ರತಿ ತಾಯಿಯ ಬೀಜವನ್ನು ಬೇರೆ ಸಾಲಿನಲ್ಲಿ ಬಿತ್ತಿ ಸಾಲಿನ ಸರಾಸರಿ ನೋಡಬೇಕು. ಬಿತ್ತುವಾಗ ಪ್ರತಿ ತಾಯಿಯ ಒಂದು ಪಾಲು ಬೀಜವನ್ನು ಉಳಿಸಿಕೊಳ್ಳಿ. ಒಳ್ಳೆಯ ಸಾಲು ಯಾವುದೆಂದು ಗೊತ್ತಾಗುವ ಹೊತ್ತಿಗೆ ಹೊಲದ ಗಿಡಗಳು ಸಿಕ್ಕಸಿಕ್ಕ ಪರಾಗ ಪಡೆದಿರುತ್ತವೆ, ಮುಂದಿನ ಹಂಗಾಮಿಗೆ ಆ ಉಳಿಸಿದ ಬೀಜವೇ ಗತಿ.

ಎರಡೂ ಬಗೆಯ ಹೂ ಒಂದೇ ಗಿಡದಲ್ಲಿ

ಗಂಡುಹೂ ಹೆಣ್ಣುಹೂ ಒಂದೇ ಗಿಡದಲ್ಲಿರುವ ತಳಿಗಳಲ್ಲಿ ಮೈಕಟ್ಟು ಹೆಚ್ಚು ಸಮ, ಎಲ್ಲವೂ ಒಟ್ಟಿಗೆ ಮಾಗುತ್ತವೆ. ಫ್ರಾನ್ಸಿನ ಫೆಡೋರಾ, ಫೆಲಿನಾ, ಫ್ಯೂಚುರಾ ಈ ಬಗೆಯವು. ಕಾವಲು ಬಿಟ್ಟರೆ ಇವು ಕೆಲವೇ ಪೀಳಿಗೆಗಳಲ್ಲಿ ಮತ್ತೆ ಗಂಡು–ಹೆಣ್ಣು ಬೇರೆಯಾದ ಬೆಳೆಯಾಗುತ್ತವೆ. ಹೊರಗಿನ ಒಂದು ನಿಜವಾದ ಗಂಡಿನ ಪರಾಗ ಬಿದ್ದರೆ ಆ ಬೀಜದಲ್ಲಿ ಅರ್ಧ ಗಂಡೇ ಹುಟ್ಟುತ್ತದೆ. ಹೂಬಿಡುವ ಕಾಲದಲ್ಲಿ ದಿನಬಿಟ್ಟು ದಿನ ಸಾಲಿನಲ್ಲಿ ನಡೆದು, ಬರಿಯ ಗಂಡುಗಳನ್ನು ಬಿರಿಯುವ ಮುನ್ನ ಕೀಳಬೇಕು. ಇನ್ನೊಂದು ಉಪಯೋಗ: ಹೆಣ್ಣುಗಿಡಕ್ಕೆ ಇಂಥ ಗಿಡದ ಪರಾಗ ಕೊಟ್ಟರೆ ಹುಟ್ಟುವ ಮೊದಲ ಪೀಳಿಗೆ ಬಹುತೇಕ ಹೆಣ್ಣೇ, ಏಕೆಂದರೆ ಎರಡೂ ಕಡೆ ಎಕ್ಸ್ ವರ್ಣತಂತುವಷ್ಟೇ ಇದೆ.

ಗೆಣ್ಣಿಗೆ ಮೂರು ಎಲೆ ಬರುವ ಸಸಿ, ಚಪ್ಪಟೆಯಾಗಿ ಪಟ್ಟಿಯಂತೆ ಬೆಳೆಯುವ ಕಾಂಡ, ಒಂದೇ ಬೀಜದಿಂದ ಎದ್ದ ಅವಳಿ ಸಸಿ ಆಗಾಗ ಕಾಣಿಸುತ್ತವೆ. ಮೂರೆಲೆಯ ಸಸಿ ಬಹಳ ಸಲ ಮುಂದೆ ತಾನಾಗಿ ಎರಡೆಲೆಗೆ ಮರಳುತ್ತದೆ. ಕುತೂಹಲಕ್ಕೆ ಬೇರೆ ಬೆಳೆಸಿ, ಆಯ್ಕೆಯ ಸಾಲಿಗೆ ಸೇರಿಸಬೇಡಿ.

ಟಿಎಚ್‌ಸಿ ಪರೀಕ್ಷೆಯನ್ನು ಕೊನೆಗೆ ಉಳಿಸುವುದು ದುಬಾರಿ ತಪ್ಪು. ಗಿಡ ಟಿಎಚ್‌ಸಿ ಬಗೆಯದೋ, ಅಮಲು ಬರಿಸದ ಸಿಬಿಡಿ ಬಗೆಯದೋ, ನಡುವಿನದೋ ಎಂಬುದನ್ನು ಬಹುಪಾಲು ಒಂದೇ ನೆಲೆಯ ವಂಶವಾಹಿ ನಿರ್ಧರಿಸುತ್ತದೆ, ಸಸಿಯ ಎಲೆಯಿಂದಲೇ ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಅದೇ ಎಲೆಯ ಚೂರಿನಿಂದ ಲಿಂಗವನ್ನೂ ತಿಳಿಯಬಹುದು. ಎರಡನೆಯ ಪೀಳಿಗೆಯ ಸಸಿಗಳನ್ನು ನಾಲ್ಕನೆಯ ವಾರದ ಅಳತೆಗೆ ಮೊದಲೇ ಹೀಗೆ ಸೋಸಿದರೆ, ಮಿತಿ ಮೀರುವ ಗಿಡಗಳ ಹಿಂದೆ ಮೂರು ತಿಂಗಳು ಅಳತೆಪಟ್ಟಿ ಹಿಡಿದು ಓಡುವುದು ತಪ್ಪುತ್ತದೆ.